ಹಳೆಯ ಮೋಟಾರಿನ ನಾಡೀಪರೀಕ್ಷೆ

ಎಣ್ಣೆಯ ಒತ್ತಡದಿಂದ ತಾನೇ ಗೇರು ಬದಲಿಸಿಕೊಳ್ಳುವ ಮೋಟಾರು ಗಾಡಿಗಳು ಈಗ ಅನೇಕ ಗೃಹಸ್ಥರ ಮನೆಗಳಲ್ಲಿವೆ. ಅಮೆರಿಕೆಯ ಓಲ್ಡ್ಸ್‌ಮೊಬೀಲ್ ಗಾಡಿಯ 1940ರ ಮಾದರಿಯೊಡನೆ ಪ್ರಚಾರಕ್ಕೆ ಬಂದ ಯಂತ್ರದ ಸಂತತಿಯಿದು.

ಇಂತಹ ಗಾಡಿ ಲಕ್ಷ ಕಿಲೋಮೀಟರ್ ಮೀರಿ ಓಡಿದ ಮೇಲೆ ಗೇರು ಹಿಡಿಯಲು ತಡವಾದರೆ, ಇಂಜಿನ್ ಅಬ್ಬರಿಸಿಯೂ ವೇಗವೇರದಿದ್ದರೆ, ಪೆಟ್ಟಿಗೆಯನ್ನೇ ಬದಲಿಸಬೇಕೆಂಬ ಮಾತಿಗೆ ಒಡನೆಯೇ ಒಪ್ಪತಕ್ಕದ್ದಲ್ಲ. ರೋಗನಿದಾನವಿಲ್ಲದೆ ಚಿಕಿತ್ಸೆಯಿಲ್ಲವೆಂಬುದು ವೈದ್ಯನಿಗೆ ಹೇಗೋ ಯಂತ್ರಜ್ಞನಿಗೂ ಹಾಗೆಯೇ.

ಮೊದಲು ಎಣ್ಣೆಯನ್ನು ನೋಡತಕ್ಕದ್ದು. ಶಕ್ತಿಯನ್ನು ಸಾಗಿಸುವುದೂ ಒಳಗಿನ ಕ್ಲಚ್ಚುಗಳನ್ನು ಒತ್ತಿಹಿಡಿಯುವುದೂ ಅದೇ; ಆದುದರಿಂದ ಅದರ ಮಟ್ಟ ಬಹಳ ಇಳಿದರೆ ಹಿಡಿತ ತಪ್ಪುತ್ತದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚು ಸವೆದಿರಬಹುದೆಂದು ತಿಳಿಯಬೇಕು. ತಳದ ತಟ್ಟೆಯ ಅಯಸ್ಕಾಂತದಲ್ಲಿ ನುಣ್ಣನೆಯ ಬೂದುಬಣ್ಣದ ಪುಡಿಯಿರುವುದು ಸಹಜ. ಲೋಹದ ಚೂರುಗಳಿದ್ದರೆ ಅಪಾಯ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಕೇತಗಳನ್ನೂ ಓದಿಸಬೇಕು.

ಚೂರುಗಳಿಲ್ಲದಿದ್ದರೆ ಸೋರಿಕೆಯನ್ನು ನಿಲ್ಲಿಸಿ, ಶೋಧಕವನ್ನು ಬದಲಿಸಿ, ತಯಾರಕರು ವಿಧಿಸಿದ ಎಣ್ಣೆಯನ್ನೇ ತುಂಬಿಸತಕ್ಕದ್ದು. ಒಮ್ಮೆ ಬಸಿದರೆ ಎಲ್ಲವೂ ಹೊರಬಾರದು. ಟಾರ್ಕ್ ಕನ್ವರ್ಟರಿನಲ್ಲಿ ಸಾಕಷ್ಟು ಹಳೆಯ ಎಣ್ಣೆ ಉಳಿಯುತ್ತದೆ. ಕೆಲವು ದಿನ ಓಡಿಸಿ ಇನ್ನೊಮ್ಮೆ ಬಸಿಯುವುದು ಲೇಸು. ಸವೆದ ಕ್ಲಚ್ಚನ್ನು ಮಾತ್ರ ಹೊಸ ಎಣ್ಣೆ ಬದುಕಿಸಲಾರದು. ಆಗ ಪೆಟ್ಟಿಗೆಯನ್ನು ಬಿಚ್ಚಿಯೇ ತೀರಬೇಕು. ಕಾಲಕಾಲಕ್ಕೆ ಎಣ್ಣೆ ಬದಲಿಸುವ ಗೃಹಸ್ಥನಿಗೆ ಆ ವೆಚ್ಚ ಬಹುಮಟ್ಟಿಗೆ ತಪ್ಪುವುದೆಂದು ನಮ್ಮ ಅಭಿಪ್ರಾಯ.