ಹಿಟ್ಟಿನ ಹುಂಜ, ದಾದರಿನ ಪಾರಿವಾಳ

ಮುಂಬಯಿಯ ದಾದರ್ ಪಶ್ಚಿಮದಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆಗೆ ಬೆಳಿಗ್ಗೆ ಏಳರ ಹೊತ್ತಿಗೆ ಹೋದರೆ ಕಾಳಿನ ಚೀಲಗಳು ಆಗಲೇ ಬಿಚ್ಚಿರುತ್ತಿದ್ದವು. ನಡುವೆ ಹಳೆಯ ಕಾರಂಜಿ, ಸುತ್ತ ಕಬ್ಬಿಣದ ಬೇಲಿ, ಆಚೆ ಟ್ಯಾಕ್ಸಿಗಳ ಸಾಲು. ಕಾಳು ಬಿದ್ದ ಕಡೆ ನೆಲವೇ ಕಾಣದಷ್ಟು ಹಕ್ಕಿ. ಅಷ್ಟು ನೂಕುನುಗ್ಗಲಿನಲ್ಲೂ ಗಂಡುಗಳು ಕೊರಳುಬ್ಬಿಸಿ ಗಿರಗಿರನೆ ಸುತ್ತುತ್ತಾ ಹೆಣ್ಣಿನ ಹಿಂದೆ ಬೀಳುತ್ತಿದ್ದವು. ಹೊಟ್ಟೆ ತುಂಬಿದ ಊರಿನಲ್ಲಿ ಮದುವೆಗೆ ಮುಹೂರ್ತ ನೋಡಬೇಕಿಲ್ಲ.

ನಾನು ಹೆಚ್ಚಾಗಿ ನೋಡುತ್ತಿದ್ದದ್ದು ಕಾಲುಗಳನ್ನು. ಪೇಟೆಯ ಪಾರಿವಾಳಗಳ ಕಾಲಿಗೆ ದಾರ, ತಲೆಗೂದಲು ಸುತ್ತಿಕೊಳ್ಳುತ್ತದೆ. ಬಿಗಿದು ಬಿಗಿದು ಬೆರಳು ಕಪ್ಪಾಗಿ ಕೊನೆಗೆ ಉದುರಿಹೋಗುತ್ತದೆ. ಅಂಥ ಒಂದು ಹಕ್ಕಿ ಮೊಂಡುಗಾಲಿನಲ್ಲಿ ಕುಂಟುತ್ತಾ ಗುಂಪಿನ ಅಂಚಿನಲ್ಲೇ ಇರುತ್ತಿತ್ತು. ಮೇಲೆ ಹದ್ದಿನ ನೆರಳು ಹಾದರೆ ಇಡೀ ಹಿಂಡು ಒಮ್ಮೆಲೇ ಏಳುತ್ತಿತ್ತು. ಕುಂಟನಿಗಾಗಿ ಯಾವ ಹಕ್ಕಿಯೂ ಕಾಯುವುದಿಲ್ಲ. ಕಾದವರು ಒಬ್ಬ ಮುದುಕರು. ಬಿಳಿ ಬಟ್ಟೆ, ಬರಿಗಾಲು. ಹಿಂಡು ಮತ್ತೆ ಇಳಿಯುವ ಮೊದಲೇ ಒಂದು ಹಿಡಿ ಜೋಳವನ್ನು ಅದರತ್ತ ಬೇರೆಯಾಗಿ ಎಸೆದರು. ನನ್ನ ಕಡೆ ತಿರುಗಿ, "ಆಪ್ ಭೀ ಡಾಲೋ ಭಾಯ್, ಪುಣ್ಯ ಮಿಲೇಗಾ" ಎಂದರು.

ಧರ್ಮದ ಆಸರೆಯಿಲ್ಲದೆ ನೀತಿ ನಿಂತೀತೇ ಎಂಬ ಪ್ರಶ್ನೆಯನ್ನು ಪಂಡಿತರು ಹೇಗೆ ಬೇಕಾದರೂ ಬಿಡಿಸಲಿ. ನನಗೆ ಅದು ಎದುರಾದದ್ದು ಈ ಬೇಲಿಯ ಪಕ್ಕ. ತಾಯ್ತಂದೆಯ ಅಕ್ಕರೆಗೆ ದೇವರು ಬೇಕಿಲ್ಲ ಎಂಬುದಕ್ಕೆ ಪಾರಿವಾಳವೇ ಸಾಕ್ಷಿ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ, ಎರಡೂ ಕೊರಳ ಚೀಲದಲ್ಲಿ ಒಂದು ಬಗೆಯ ಹಾಲು ಊರಿಸಿ ಮರಿಗೆ ಉಣಿಸುತ್ತವೆ. ಆದರೆ ಪಕ್ಕದ ಗೂಡಿನ ಮರಿ ತಪ್ಪಿ ಇತ್ತ ಬಂದರೆ ಅದೇ ಹಕ್ಕಿ ನೆತ್ತಿ ಕಿತ್ತು ಬರುವಂತೆ ಕುಕ್ಕುತ್ತದೆ. ಅಕ್ಕರೆ ಗೂಡಿನ ಅಂಚಿಗೇ ಮುಗಿಯಿತು. ಆ ಅಂಚನ್ನು ದಾಟಿ ಇನ್ನೊಂದು ಜಾತಿಯ ಜೀವಿಯ ಮೊಂಡುಗಾಲಿನವರೆಗೆ ಕೈ ಚಾಚಿದ್ದು ಆ ಮುದುಕರು. ಅವರನ್ನು ಅಲ್ಲಿಯವರೆಗೆ ಕರೆತಂದದ್ದು ಅವರ ಜೈನ ಧರ್ಮ ಎಂಬುದನ್ನು ನಾನು ಅಲ್ಲಗಳೆಯಲಾರೆ. ಈ ಊರಿಗೆ ಧರ್ಮದಿಂದ ಹುಟ್ಟಿದ ಇಂಥ ದಯೆ ಹೊಸದೂ ಅಲ್ಲ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಹೊರಟ ಸರ್ಕಾರದ ಮೇಲೆ ಪಾರ್ಸಿಗಳು ತಿರುಗಿಬಿದ್ದು ಗಲಭೆಯಾಯಿತು. 1834ರಲ್ಲಿ ಪ್ರಾಣಿಗಳ ಆಸರೆಮನೆಯಾದ ಭುಲೇಶ್ವರದ ಪಾಂಜ್ರಾಪೋಳ್ ಹುಟ್ಟಿತು.

ಆದರೆ ಹಕ್ಕಿಯನ್ನು ನೋಡುವವನು ಕಾಳು ಬಿದ್ದ ಜಾಗದಲ್ಲೇ ನಿಲ್ಲುವಂತಿಲ್ಲ, ಅದು ಹಾರಿಹೋದಲ್ಲಿಗೂ ಹೋಗಬೇಕು. ಈ ಪಾರಿವಾಳಗಳ ಪೂರ್ವಜ ಹಕ್ಕಿಗಳು ಬಂಡೆಗಳ ಬಿರುಕಿನಲ್ಲಿ ಗೂಡು ಕಟ್ಟುತ್ತಿದ್ದವು. ಪಾರಿವಾಳದ ಕಣ್ಣಿಗೆ ದಾದರಿನ ಕಟ್ಟಡಗಳೂ ಬಂಡೆಗಳೇ. ಏಸಿ ಪೆಟ್ಟಿಗೆಯ ಹಿಂದಿನ ಸಂದಿಯೇ ಬಿರುಕು. ಕಾಳು ಸದಾ ಸಿಕ್ಕರೆ ವರ್ಷವಿಡೀ ಮೊಟ್ಟೆ. ಒಣಗಿದ ಹಿಕ್ಕೆ, ಗರಿಯ ಪುಡಿ ಉಸಿರಿನೊಂದಿಗೆ ಒಳಗೆ ಹೋಗಿ, ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂಬ ರೋಗ ತರುತ್ತದೆ. ಬಹಳ ಕಾಲ ಮುಂದುವರಿದರೆ ಶ್ವಾಸಕೋಶ ಗಟ್ಟಿಯಾಗಿ ಮತ್ತೆ ಸರಿಹೋಗುವುದಿಲ್ಲ. ಬೇಲಿಯ ಬಳಿ ನಿಂತು ಕಾಳೆಸೆದವರಿಗೆ ನಾಲ್ಕನೇ ಮಹಡಿಯ ಕೆಮ್ಮು ಕೇಳುವುದಿಲ್ಲ.

2025ರ ಜುಲೈಯಲ್ಲಿ ಮುಂಬಯಿಯ 51 ಕಬೂತರ್‌ಖಾನೆಗಳನ್ನು ಮುಚ್ಚುವುದಾಗಿ ಸರ್ಕಾರ ಹೇಳಿತು. ಬಾಂಬೆ ಹೈಕೋರ್ಟ್ ಜನರ ಆರೋಗ್ಯ ಮೊದಲು ಎಂದಿತು. ದಾದರಿನದಕ್ಕೆ ತಾಡಪಾಲು ಬಿತ್ತು. ಆಗಸ್ಟ್ 6ರಂದು ಜನ ನುಗ್ಗಿ ಅದನ್ನು ಹರಿದರು. ಎರಡೂ ಪಕ್ಷದವರು ದಯೆಯ ಹೆಸರನ್ನೇ ಹೇಳುತ್ತಿದ್ದರು, ಒಬ್ಬರು ಹಕ್ಕಿಯ ಮೇಲೆ, ಇನ್ನೊಬ್ಬರು ಮನುಷ್ಯರ ಮೇಲೆ.

ಆ ದಿನಗಳಲ್ಲಿ ನನಗೆ ಜನ್ನನ 'ಯಶೋಧರ ಚರಿತೆ' ಮತ್ತೆ ಮತ್ತೆ ನೆನಪಾಗುತ್ತಿತ್ತು. 1209ರ ಕನ್ನಡ ಜೈನ ಕಾವ್ಯ. ಯಶೋಧರ ತಾಯಿಯ ಮಾತಿಗೆ ಒಪ್ಪಿ ದೇವಿಗೆ ಬಲಿ ಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಹುಂಜವನ್ನು. ಹಾಗಿದ್ದರೂ ಕೊಲ್ಲುವ ಸಂಕಲ್ಪವೇ ಪಾಪವಾಗಿ, ತಾಯಿ ಮಗ ಇಬ್ಬರೂ ನಾಯಿ ನವಿಲು ಎಂದು ಜನ್ಮ ಜನ್ಮ ಅಲೆಯಬೇಕಾಯಿತು. ಮನಸ್ಸನ್ನು ಇಷ್ಟು ನಿಷ್ಠುರವಾಗಿ ತೂಗಿದ ಕಾವ್ಯ ನಮ್ಮಲ್ಲಿ ಕಡಿಮೆ. ಅದೇ ತಕ್ಕಡಿಯಲ್ಲಿ ದಾದರಿನ ಮುದುಕರನ್ನು ತೂಗಿದರೆ ಅವರದು ಅಪ್ಪಟ ಪುಣ್ಯ. ನನ್ನ ತಕರಾರು ತಕ್ಕಡಿಯ ಮೇಲೆಯೇ: ಹಿಟ್ಟಿನ ಹುಂಜಕ್ಕೆ ಶ್ವಾಸಕೋಶವಿರಲಿಲ್ಲ, ಮಹಡಿಯಲ್ಲಿರುವವರಿಗೆ ಇದೆ. ಹಾಗೆ ನೋಡಿದರೆ ಅದೇ ಧರ್ಮದಲ್ಲಿ ಈರ್ಯಾ ಸಮಿತಿ ಎಂಬ ನಿಯಮವೂ ಇದೆ. ನಡೆಯುವ ಮುನಿ ಒಂದು ನೊಗದಷ್ಟು ದೂರದ ನೆಲವನ್ನು ನೋಡಿ ನೋಡಿ ಹೆಜ್ಜೆಯಿಡಬೇಕು, ಕಾಲಡಿ ಇರುವೆ ಸಿಕ್ಕೀತೆಂದು. ಹಕ್ಕಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕೈಪಿಡಿಯಲ್ಲೂ ಇಲ್ಲ. ಕಬೂತರ್‌ಖಾನೆಯಲ್ಲಿ ಸಂಕಲ್ಪ ಉಳಿದಿತ್ತು, ನೋಟ ಜಾರಿತ್ತು.

ನೋಟ ಜಾರದವರೂ ಈ ಊರಿನಲ್ಲಿದ್ದಾರೆ. ಆರೆ ಕಾಲೋನಿಯ ಪಾಡಾಗಳೆಂಬ ಹಾಡಿಗಳ ವಾರ್ಲಿ ಆದಿವಾಸಿಗಳು ಹುಲಿ ಚಿರತೆಗಳ ದೇವರಾದ ವಾಘೋಬಾನನ್ನು ಪೂಜಿಸುತ್ತಾರೆ, ಆದರೆ ಚಿರತೆಗೆ ದಿನಾ ಮಾಂಸ ಹಾಕಿ ಕರೆಯುವುದಿಲ್ಲ. ಕತ್ತಲಾದರೆ ಟಾರ್ಚು, ಮಕ್ಕಳು ಒಳಗೆ. ದೇವರಿಗೂ ಪ್ರಾಣಿಗೂ ಎಷ್ಟು ದೂರ ಎಂಬುದು ಅವರಿಗೆ ಗೊತ್ತು. ನಾವು ಪಕ್ಷಮಾಸದಲ್ಲಿ ಕಾಗೆಗೆ ಇಡುವ ಅನ್ನವೂ ವರ್ಷಕ್ಕೊಮ್ಮೆಯದು, ಕಾಗೆಯ ಪುಣ್ಯ.

ನಮ್ಮ ವಸತಿ ಸೊಸೈಟಿಯಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದಾರೆ. ಪಾರಿವಾಳ ಕಂಡರೆ ಕೆಂಡ. ಬಾಲ್ಕನಿಗೆ ನೆಟ್ ಹಾಕುವವರು ಬಂದ ದಿನವೇ ಏಸಿಯ ಹಿಂದೆ ಗೂಡು ಕಂಡಿತು: ನಾಲ್ಕು ಕಡ್ಡಿ, ಒಂದು ತಂತಿ, ಹಿಕ್ಕೆಯ ಗಾರೆ, ಎರಡು ಬಿಳಿ ಮೊಟ್ಟೆ. ಅಕ್ಕ ಕೆಲಸದವರನ್ನು ವಾಪಸು ಕಳಿಸಿದರು.

"ಪುಣ್ಯಕ್ಕಾ ಅಕ್ಕ?" ಎಂದು ಕೇಳಿದೆ.

"ಪುಣ್ಯವೂ ಇಲ್ಲ ಗಿಣ್ಯವೂ ಇಲ್ಲ ಮಾರಾಯ್ರೆ. ಮೊಟ್ಟೆ ಉಂಟಲ್ಲ, ಎಂಥ ಮಾಡುದು?"

ದೇವರ ಕೋಣೆಗೆ ದಿನಾ ದೀಪ ಹಚ್ಚುವವರೇ ಅವರು. ಇಲ್ಲಿ ಮಾತ್ರ ದೇವರನ್ನು ಎಳೆದು ತರಲಿಲ್ಲ. ಹದಿನೆಂಟು ದಿನದ ಆಸುಪಾಸಿನ ಕಾವು ಮುಗಿದು ಹಳದಿ ಎಳೆಗೂದಲಿನ, ದಪ್ಪ ಕೊಕ್ಕಿನ, ಚಂದವೆನ್ನಲಾಗದ ಎರಡು ಮರಿ ಹೊರಬಂದವು. ಮತ್ತೆ ಒಂದು ತಿಂಗಳು ಬಾಲ್ಕನಿಯ ಬಾಗಿಲು ಬಂದ್, ಬಟ್ಟೆ ಒಣಗಿದ್ದು ಹಾಲ್‌ನಲ್ಲಿ. ಮರಿಗಳು ಹಾರಿಹೋದ ಮಾರನೆಯ ದಿನವೇ ನೆಟ್ಟಿನವರಿಗೆ ಫೋನು ಹೋಯಿತು, ನನಗೂ ಬಂತು: ಗೂಡು ಕೆರೆದು ತೆಗೆಯುವುದು ಹೇಗೆ? ಒಣಗಿದ್ದನ್ನು ಹಾಗೇ ಕೆರೆದರೆ ಪುಡಿ ಏಳುತ್ತದೆ, ಮೊದಲು ನೀರು ಚಿಮುಕಿಸಿ ನೆನೆಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದೆ.