ಬಿಳಿ ಮನೆಯ ಊರು ಕಾಸಾಬ್ಲಾಂಕಾ

ಕಾಸಾಬ್ಲಾಂಕಾ ಎಂದೊಡನೆ ಹಂಫ್ರಿ ಬೊಗಾರ್ಟ್, ಇಂಗ್ರಿಡ್ ಬರ್ಗ್‌ಮನ್ ಅಭಿನಯಿಸಿದ 1942ರ ಹಾಲಿವುಡ್ ಚಿತ್ರವನ್ನು ನೆನೆಯುವವರೇ ಹೆಚ್ಚು. ತಮಾಷೆಯೆಂದರೆ, ಆ ಚಿತ್ರದ ಚಿತ್ರೀಕರಣ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ! ಚಿತ್ರದಲ್ಲಿ ಬರುವ 'ರಿಕ್ಸ್ ಕೆಫೆ' ಹೆಸರಿನ ಹೋಟೆಲು ಈ ಊರಿನಲ್ಲಿ ಬಾಗಿಲು ತೆರೆದದ್ದು 2004ರಲ್ಲಿ.

ಮೊರೊಕ್ಕೊ ನೋಡಹೋದವರು ಫೆಜ್, ಮರಾಕೆಶ್‌ಗಳ ಪುರಾತನ ಪೇಟೆಗಳತ್ತ ಧಾವಿಸುತ್ತಾರೆ. ಅವರಿಗೆ ಕಾಸಾಬ್ಲಾಂಕಾ ವಿಮಾನ ಇಳಿಯುವ ಊರಷ್ಟೆ. ನಮ್ಮಲ್ಲಿ ರಾಜಧಾನಿ ದೆಹಲಿಯಾದರೂ ವ್ಯಾಪಾರಕ್ಕೆ ಮುಂಬೈ ಇರುವಂತೆ, ಅಲ್ಲಿ ರಾಜಧಾನಿ ರಬಾತ್ ಆದರೂ ಬಂದರು, ಬ್ಯಾಂಕು, ಕಾರ್ಖಾನೆಗಳೆಲ್ಲ ಅಟ್ಲಾಂಟಿಕ್ ದಂಡೆಯ ಈ ಮಹಾನಗರದಲ್ಲಿ. ಆದರೆ ಬೀದಿಗಳಲ್ಲಿ ನಡೆದು ನೋಡುವ ತಾಳ್ಮೆ ಇದ್ದವರಿಗೆ ಇಪ್ಪತ್ತನೆಯ ಶತಮಾನದ ಚರಿತ್ರೆ ಇಲ್ಲಿ ಪಾಠದಂತೆ ತೆರೆದುಕೊಳ್ಳುತ್ತದೆ.

ಹೆಸರಿನ ಕಥೆ

ಇದರ ಮೊದಲ ಹೆಸರು ಅನ್ಫಾ. 1468ರಲ್ಲಿ ಪೋರ್ಚುಗೀಸರು ಅದನ್ನು ನಾಶಮಾಡಿದರು. ಮುಂದೆ ಅವರೇ ಇಲ್ಲಿ ನೆಲೆಯೂರಿ 'ಕಾಸಾ ಬ್ರಾಂಕಾ' ಎಂದರು. 1755ರ ಭೂಕಂಪದಲ್ಲಿ ಊರು ಹಾಳಾದ ಮೇಲೆ ಸುಲ್ತಾನ ಮೊಹಮ್ಮದ್ ಬಿನ್ ಅಬ್ದುಲ್ಲಾ ಮತ್ತೆ ಕಟ್ಟಿಸಿ, ಅರಬಿಯಲ್ಲಿ 'ದಾರ್ ಅಲ್ ಬೈದಾ' ಎಂದ. ಸ್ಪೇನಿನ ವರ್ತಕರ ಬಾಯಲ್ಲಿ ಅದು ಕಾಸಾಬ್ಲಾಂಕಾ. ಮೂರಕ್ಕೂ ಅರ್ಥ ಒಂದೇ: ಬಿಳಿ ಮನೆ.

ಎರಡು ಊರುಗಳು

1912ರಲ್ಲಿ ದೇಶದ ಬಹುಭಾಗ ಫ್ರೆಂಚರ ಆಡಳಿತಕ್ಕೆ ಒಳಪಟ್ಟಿತು. ಹೊಸ ನಗರದ ನಕ್ಷೆ ಬರೆದವನು ವಾಸ್ತುಶಿಲ್ಪಿ ಹೆನ್ರಿ ಪ್ರೋಸ್ಟ್. ಇಂದಿನ ಐದನೆಯ ಮೊಹಮ್ಮದ್ ಚೌಕದಲ್ಲಿ ನಿಂತರೆ ಅಂಚೆ ಕಚೇರಿ, ನ್ಯಾಯಾಲಯ, ಗಡಿಯಾರ ಗೋಪುರದ ಕಟ್ಟಡ ಎಲ್ಲವೂ ಕಾಣುತ್ತವೆ. ಕಟ್ಟಡಗಳ ಮೈಕಟ್ಟು ಯೂರೋಪಿನದು. ಕಮಾನು, ಬಣ್ಣದ ಹೆಂಚು, ಮರದ ಕೆತ್ತನೆ ಮೊರೊಕ್ಕೊದ ಕುಶಲಕರ್ಮಿಗಳ ಪರಂಪರೆಯವು.

ಅನತಿ ದೂರದ ಹಬೂಸ್ ಬಡಾವಣೆಯ ಕಿರಿದಾದ ಓಣಿಗಳು ಶತಮಾನಗಳಷ್ಟು ಹಳೆಯವೆಂದು ತೋರುತ್ತವೆ. ವಾಸ್ತವವಾಗಿ ಇದೂ ಫ್ರೆಂಚರ ಕಾಲದ್ದೇ. ಯೂರೋಪಿಯನ್ನರಿಗೆ ಅಗಲ ರಸ್ತೆಯ ಹೊಸ ನಗರ, ಸ್ಥಳೀಯರಿಗೆ ಬೇರೆಯದೇ ಬಡಾವಣೆ ಎಂಬುದು ಅಂದಿನ ನೀತಿ. ಬಂದರು, ಕಾರ್ಖಾನೆಗಳ ಕೆಲಸಕ್ಕಾಗಿ ಹಳ್ಳಿಗಳಿಂದ ಬಂದ ಬಡವರಿಗೆ ಈ ಎರಡರಲ್ಲೂ ಜಾಗ ಸಾಲಲಿಲ್ಲ. ಅವರು ತಗಡಿನ ಡಬ್ಬಿಗಳನ್ನು ಬಡಿದು ಚಪ್ಪಟೆಮಾಡಿ ಗುಡಿಸಲು ಕಟ್ಟಿಕೊಂಡರು. ಕೊಳೆಗೇರಿಗೆ ಫ್ರೆಂಚ್ ಭಾಷೆಯಲ್ಲಿರುವ 'ಬಿಡೋನ್‌ವಿಲ್', ಅಂದರೆ 'ಡಬ್ಬಿಗಳ ಊರು' ಎಂಬ ಪದ ಪ್ರಚಾರಕ್ಕೆ ಬಂದದ್ದು ಇಂಥ ಕೇರಿಗಳಿಂದಲೇ. ಚೌಕದ ಸೊಬಗನ್ನು ಮೆಚ್ಚುವಾಗ ಇದನ್ನೂ ಮರೆಯಬಾರದು. 1956ರಲ್ಲಿ ದೇಶ ಸ್ವತಂತ್ರವಾಯಿತು.

ಕಡಲ ಮೇಲಿನ ಮಸೀದಿ

ಸ್ವತಂತ್ರ ಮೊರೊಕ್ಕೊದ ಹೆಮ್ಮೆ 1993ರಲ್ಲಿ ಪೂರ್ಣಗೊಂಡ ಎರಡನೆಯ ಹಸನ್ ಮಸೀದಿ. ಇದರ ಒಂದು ಭಾಗ ಸಮುದ್ರದ ಮೇಲೆಯೇ ನಿಂತಿದೆ. ಮಿನಾರಿನ ಎತ್ತರ ಸುಮಾರು 210 ಮೀಟರ್. ನಮ್ಮ ಕುತುಬ್ ಮಿನಾರಿನ ಹತ್ತಿರ ಹತ್ತಿರ ಮೂರು ಪಟ್ಟು! ಒಳಗೆ 25,000 ಮಂದಿ, ಹೊರ ಅಂಗಳದಲ್ಲಿ 80,000 ಮಂದಿ ಪ್ರಾರ್ಥಿಸಬಹುದು. ಚಾವಣಿಯ ಒಂದು ಭಾಗ ಯಂತ್ರದ ನೆರವಿನಿಂದ ಸರಿದು ಆಕಾಶ ಕಾಣಿಸುತ್ತದೆ. ನಿರ್ಮಾಣಕ್ಕೆ ಜನಸಾಮಾನ್ಯರಿಂದಲೂ ವಂತಿಗೆ ಎತ್ತಲಾಗಿತ್ತು. ಪ್ರಾರ್ಥನೆಯ ವೇಳೆ ಬಿಟ್ಟು, ಮಾರ್ಗದರ್ಶಿಗಳೊಂದಿಗೆ ಅನ್ಯಧರ್ಮೀಯರಿಗೂ ಪ್ರವೇಶವಿದೆ.

ಹೊನ್ನಾವರದ ನಂಟು

ಊರೊಳಗೆ ಸುತ್ತಲು 2012ರಲ್ಲಿ ಆರಂಭವಾದ ಟ್ರಾಮ್ ಇದೆ, ಕೆಂಪು ಬಣ್ಣದ ಪುಟ್ಟ ಟ್ಯಾಕ್ಸಿಗಳಿವೆ. ಸಮಯವಿದ್ದರೆ 2018ರಲ್ಲಿ ಆರಂಭವಾದ 'ಅಲ್ ಬುರಾಕ್' ರೈಲು ಹತ್ತಿ. ಗಂಟೆಗೆ 320 ಕಿ.ಮೀ.ವರೆಗೂ ಓಡುವ ಈ ರೈಲು ಎರಡು ಗಂಟೆ ಚಿಲ್ಲರೆ ಸಮಯದಲ್ಲಿ ಟಾಂಜಿಯರ್ ಮುಟ್ಟಿಸುತ್ತದೆ. ಅದು ಪ್ರವಾಸಿ ಇಬ್ನ್ ಬತೂತನ ಹುಟ್ಟೂರು. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮನೆ ಬಿಟ್ಟ ಆತ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದೂ ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದೂ ಬರೆಸಿಟ್ಟಿದ್ದಾನೆ.

ಮಕ್ಕಳೇ, ಭೂಪಟ ತೆರೆದು ಟಾಂಜಿಯರ್‌ನಿಂದ ಹೊನ್ನಾವರದವರೆಗೆ ಒಮ್ಮೆ ಬೆರಳಾಡಿಸಿ. ರೈಲು, ವಿಮಾನಗಳಿಲ್ಲದ ಕಾಲದಲ್ಲಿ ಆತ ಕ್ರಮಿಸಿದ ದೂರ ಎಷ್ಟೆಂದು ಆಗ ತಿಳಿಯುತ್ತದೆ.