ಟೆಲಿಗ್ರಾಂನಲ್ಲಿ ಸಿಕ್ಕಿದ ‘ಕೆಲಸ’, ಕೊನೆಗೆ 17 ವರ್ಷ ಜೈಲು: ಬ್ರಿಟನ್‌ನಲ್ಲಿ ರಷ್ಯಾದ ಹೊಸ ಗೂಢಚಾರಿಕೆ

2024ರ ಮಾರ್ಚ್ 20ರ ರಾತ್ರಿ ಪೂರ್ವ ಲಂಡನ್‌ನ ಲೇಟನ್‌ನಲ್ಲಿ ಗೋದಾಮೊಂದು ಹೊತ್ತಿ ಉರಿಯಿತು. ಉಕ್ರೇನ್‌ಗೆ ಹೋಗಬೇಕಿದ್ದ ನೆರವಿನ ಸಾಮಗ್ರಿ, ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಕರಣಗಳು ಅಲ್ಲಿದ್ದವು. ತನಿಖೆ ನಡೆದಾಗ ಬೆಂಕಿಯ ಹಿಂದೆ ರಷ್ಯಾದ ವಾಗ್ನರ್ ಗುಂಪಿನ ಕೈವಾಡ ಬಯಲಾಯಿತು. ಆದರೆ ಸಿಕ್ಕಿಬಿದ್ದವರಲ್ಲಿ ರಷ್ಯಾದವರು ಯಾರೂ ಇರಲಿಲ್ಲ. ಎಲ್ಲರೂ ಬ್ರಿಟನ್‌ನಲ್ಲೇ ಇದ್ದವರು!

ರಷ್ಯಾ ತನ್ನ ಗೂಢಚಾರರನ್ನು ಬಿಟ್ಟು ಇವರನ್ನು ಹಿಡಿದದ್ದೇಕೆ?

ಹಿಂದೆ ರಾಯಭಾರ ಕಚೇರಿಯ ಅಧಿಕಾರಿಗಳ ವೇಷದಲ್ಲಿ ಗೂಢಚಾರರು ಕೆಲಸ ಮಾಡುತ್ತಿದ್ದರು. 2018ರಲ್ಲಿ ಸಾಲಿಸ್‌ಬರಿಯಲ್ಲಿ ಮಾಜಿ ರಷ್ಯನ್ ಗೂಢಚಾರನಿಗೆ ವಿಷವಿಕ್ಕಿದ ಪ್ರಕರಣದ ಬಳಿಕ ಬ್ರಿಟನ್ 23 ರಷ್ಯನ್ ರಾಜತಾಂತ್ರಿಕರನ್ನು ಹೊರಹಾಕಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನಿಂದ ಸುಮಾರು 600 ರಷ್ಯನ್ ಅಧಿಕಾರಿಗಳನ್ನು ಹೊರಹಾಕಲಾಗಿದ್ದು, ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಗೂಢಚಾರರು ಎಂದು ಬ್ರಿಟನ್‌ನ ಭದ್ರತಾ ಸಂಸ್ಥೆ ಎಂಐ5 ಅದೇ ವರ್ಷ ಹೇಳಿತು. ತರಬೇತಿ ಪಡೆದವರ ಜಾಗ ಖಾಲಿಯಾದಾಗ ಬಾಡಿಗೆ ಕೈಗಳು ಬೇಕಾದವು.

ಬಲೆ ಬೀಸಿದ್ದು ಟೆಲಿಗ್ರಾಂನಲ್ಲಿ. ಇಪ್ಪತ್ತರ ಹರೆಯದ ಯುವಕನೊಬ್ಬ ವಾಗ್ನರ್ ನಂಟಿನ ಖಾತೆಯೊಂದರ ಜೊತೆ ಮಾತಿಗಿಳಿದ. ಹಣದ ಆಸೆಗೆ ಬೆಂಕಿ ಹಚ್ಚಲು ಒಪ್ಪಿಕೊಂಡ. ಮತ್ತೊಬ್ಬನನ್ನು ಸೇರಿಸಿಕೊಂಡ, ಅವನ ಮೂಲಕ ಇನ್ನೂ ಕೆಲವರು ಬಂದರು. ಬೆಂಕಿ ಹಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಯೂ ಆಯಿತು. ಆದರೆ ‘ಅವಸರ ಮಾಡಿದಿರಿ, ಇದಕ್ಕೆ ದುಡ್ಡು ಕೊಡಲಾಗದು’ ಎಂಬ ಅರ್ಥದ ಉತ್ತರ ಆ ಕಡೆಯಿಂದ ಬಂತು. ಲಂಡನ್‌ನ ಮೇಫೇರ್‌ನಲ್ಲಿರುವ, ಪುಟಿನ್ ವಿರೋಧಿ ಉದ್ಯಮಿಯೊಬ್ಬರ ರೆಸ್ಟೋರೆಂಟ್‌ಗೆ ಬೆಂಕಿ ಹಚ್ಚುವ, ಅವರನ್ನೇ ಅಪಹರಿಸುವ ಸಂಚು ಕೂಡ ನಡೆದಿತ್ತು.

2023ರ ರಾಷ್ಟ್ರೀಯ ಭದ್ರತಾ ಕಾಯ್ದೆ ಇಲ್ಲಿ ಪೊಲೀಸರ ನೆರವಿಗೆ ಬಂತು. ನೂರು ವರ್ಷಕ್ಕೂ ಹಳೆಯದಾದ ಅಧಿಕೃತ ರಹಸ್ಯ ಕಾಯ್ದೆಯ ಜಾಗಕ್ಕೆ ಬಂದ ಈ ಕಾನೂನಿನಲ್ಲಿ ವಿದೇಶಿ ಗುಪ್ತಚರ ಸಂಸ್ಥೆಗೆ ನೆರವಾಗುವುದೇ ಅಪರಾಧ. ರಹಸ್ಯ ಕಡತವನ್ನೇ ಕದಿಯಬೇಕೆಂದಿಲ್ಲ. ಇದರಡಿ ಮೊದಲು ಶಿಕ್ಷೆಗೊಳಗಾದವರಲ್ಲಿ ಲೇಟನ್ ಪ್ರಕರಣದವರೂ ಸೇರಿದ್ದಾರೆ. 2025ರ ಜುಲೈಯಲ್ಲಿ ಮುಖ್ಯ ಆರೋಪಿಗೆ 17 ವರ್ಷ, ಅವನ ಜೊತೆಗಾರನಿಗೆ 12 ವರ್ಷ ಜೈಲಾಯಿತು.

ಕೆಲಸ ಮಾಡಿಸಿದವರು ಪರದೆಯ ಆಚೆ ಉಳಿದರು. ಜೈಲು ಪಾಲಾದದ್ದು ಕೆಲಸ ಮಾಡಿದವರು. ಇಂತಹ ಬಲೆ ಶುರುವಾಗುವುದೇ ಒಂದು ಮೆಸೇಜಿನಿಂದ. ಹೆಸರು ಗೊತ್ತಿಲ್ಲದವರು ಒಂದು ಜಾಗದ ಫೋಟೋ ತೆಗೆಯಲು, ಪೊಟ್ಟಣ ತಲುಪಿಸಲು ದೊಡ್ಡ ಮೊತ್ತ ಕೊಡುತ್ತೇವೆ ಅಂದರೆ, ಅದು ಯಾರ ಕೆಲಸ ಎಂದು ಯುವಕರು ಮೊದಲು ಕೇಳಿಕೊಳ್ಳಬೇಕು. ಓದಿಗೆ, ದುಡಿಮೆಗೆ ಪರದೇಶಕ್ಕೆ ಹೋದವರಂತೂ ಇದನ್ನು ಮರೆಯಲೇಬಾರದು.